ಹಳೇ ಟೇಪ್ ಕ್ಯಾಮೆರಾ: ನೂರಕ್ಕೆ ಕೊಂಡೆ, 375ಕ್ಕೆ ಬಂದು ನಿಂತಿತು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕ್ಯಾಮೆರಾ ಮುಟ್ಟಲು ಬಿಡುತ್ತಿರಲಿಲ್ಲ. ಕೇಬಲ್ ಸುತ್ತುವುದು, ಬ್ಯಾಟರಿ ಚಾರ್ಜಿಗೆ ಹಾಕುವುದು, ತುಂಬಿದ ಟೇಪಿನ ಮೇಲೆ ಚೀಟಿ ಅಂಟಿಸುವುದು, ಇಷ್ಟೇ ನನ್ನ ಕೆಲಸ. ಭುಜದ ಮೇಲೆ ಕೂರುವ ಆ ದೊಡ್ಡ ಕ್ಯಾಮೆರಾ ನಮ್ಮ ಗುರುಗಳದ್ದು. ಕ್ಯಾಸೆಟ್ ಒಳಗೆ ತಳ್ಳಿದಾಗ ಟೇಪು ಒಳಗಿನ ತಿರುಗುವ ಡ್ರಮ್ಮಿಗೆ ಸುತ್ತಿಕೊಳ್ಳುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಗುರುಗಳು ಈಗಿಲ್ಲ. ಅವರು ಶೂಟ್ ಮಾಡಿದ 23 ಡಿವಿಕ್ಯಾಮ್ (ಸೋನಿಯ ಡಿಜಿಟಲ್ ವಿಡಿಯೋ ಟೇಪಿನ ಒಂದು ಬಗೆ) ಟೇಪುಗಳು ನನ್ನ ಬೀರುವಿನಲ್ಲಿ ಉಳಿದಿದ್ದವು. ಹಾಕಿ ನೋಡಲು ಯಂತ್ರ ಇರಲಿಲ್ಲ.

ಹಾಗಾಗಿ ಅಂಥದ್ದೇ ಒಂದು ಕ್ಯಾಮೆರಾ ಮಾರಾಟಕ್ಕಿದೆ ಎಂಬ ಜಾಹೀರಾತು ಕಂಡಾಗ ಕೈ ನಿಲ್ಲಲಿಲ್ಲ. ಬೆಳಕನ್ನು ಚಿತ್ರವಾಗಿಸುವ 2/3 ಇಂಚಿನ ಮೂರು ಸಿಸಿಡಿ ಸೆನ್ಸರ್, ಕಳಚಿ ಹಾಕಬಹುದಾದ ಬಿ4 ಮೌಂಟಿನ ಲೆನ್ಸ್, ವ್ಯೂಫೈಂಡರ್ ಎಲ್ಲ ಇತ್ತು. ಹೊಸದಾಗಿದ್ದಾಗ ನಮ್ಮಂಥವರು ಕನಸಿನಲ್ಲೂ ಕೊಳ್ಳಲಾಗದ ವಸ್ತು. ಈಗ ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ ಬೆಲೆ. ಅಂದಿನಿಂದ ಗುರುಗಳ ಒಂದು ಟೇಪನ್ನು ಸರಿಯಾಗಿ ನೋಡುವ ತನಕ ಹದಿನೇಳು ವಾರ ಹಿಡಿಯಿತು. ಇದೇ ದಾರಿ ಹಿಡಿಯುವವರು ಇದ್ದೀರಿ ಅಂತ ನನಗೆ ಗೊತ್ತು. ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಣದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಲೆ ಒಂದೊಂದು ಕಡೆ ಒಂದೊಂದು ಥರ. ಅದಕ್ಕೆ ಕ್ಯಾಮೆರಾ ಮತ್ತು ಲೆನ್ಸಿಗೆ ನಾನು ಕೊಟ್ಟದ್ದನ್ನು ನೂರು ಅಂತ ಇಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ.

ಕೊಳ್ಳುವ ಮುಂಚೆ ಸೋನಿಯದೇ ಇನ್ನೊಂದು ಟೇಪ್ ಬಗೆಯಾದ ಬೀಟಾಕ್ಯಾಮ್ ಕೂಡ ನೋಡಿದ್ದೆ. 1986ರ ಬೀಟಾಕ್ಯಾಮ್ ಎಸ್‌ಪಿ, 1993ರ ಡಿಜಿಟಲ್ ಬೀಟಾಕ್ಯಾಮ್, ಎರಡೂ ಚಿತ್ರದ ವಿಷಯದಲ್ಲಿ ಗಟ್ಟಿ ಹೆಸರು. ಆದರೆ ಅವುಗಳ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಬೇರೆ ಡೆಕ್, ಅಂದರೆ ಟೇಪು ಓಡಿಸುವ ಯಂತ್ರ, ಬೇಕು. ಡೆಕ್ ಕ್ಯಾಮೆರಾಗಿಂತ ಭಾರ, ಕ್ಯಾಮೆರಾಗಿಂತ ದುಬಾರಿ. ಸೋನಿ ಈ ಅರ್ಧ ಇಂಚಿನ ಟೇಪಿನ ಯಂತ್ರಗಳ ಮಾರಾಟವನ್ನೇ 2016ರಲ್ಲಿ ನಿಲ್ಲಿಸಿತು. ಡಿವಿಕ್ಯಾಮ್ 1996ರದ್ದು. ಟೇಪಿನ ಅಗಲ ಕಾಲು ಇಂಚು. ಒಂದೇ ಫೈರ್‌ವೈರ್ (ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಹಳೇ ಬಗೆ) ತಂತಿಯಲ್ಲಿ ಚಿತ್ರವೂ ಧ್ವನಿಯೂ ಹಾಗ್ಹಾಗೇ ಕಂಪ್ಯೂಟರಿಗೆ ಬರುತ್ತದೆ. ಗುರುಗಳ ಟೇಪೂ ಅದೇ ಆದ್ದರಿಂದ ನನಗೆ ಬೇರೆ ಯೋಚನೆ ಬರಲಿಲ್ಲ. ನಿಮ್ಮ ಬಳಿ ಹಳೇ ಟೇಪುಗಳಿದ್ದರೆ ಅವು ಪಾಲೋ ಎನ್‌ಟಿಎಸ್‌ಸಿಯೋ ಅಂತಲೂ ಮೊದಲೇ ನೋಡಿಕೊಳ್ಳಿ. ಇವು ಬೇರೆ ಬೇರೆ ದೇಶಗಳ ಎರಡು ಟಿವಿ ಪದ್ಧತಿಗಳು, ಆಗಿನ ಕ್ಯಾಮೆರಾಗಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನೇ ಓದುತ್ತವೆ.

ಮಾರುವವರು ಒಂದು ಮುಚ್ಚಿಹೋದ ಸ್ಟುಡಿಯೋದ ಸಾಮಾನು ವಿಲೇವಾರಿ ಮಾಡುತ್ತಿದ್ದವರು. 'ಆನ್ ಆಗುತ್ತದೆ, ಹೆಚ್ಚು ಪರೀಕ್ಷೆ ಮಾಡಿಲ್ಲ' ಅಂತ ಬರೆದಿದ್ದರು. ಈ ಮಾತು ಎಲ್ಲಿ ಕಂಡರೂ ಟೇಪಿನ ಭಾಗ ಕೆಟ್ಟಿದೆ ಅಂತಲೇ ಅಂದುಕೊಂಡು ಬೆಲೆ ಮಾತಾಡಿ. ನೋಡಲು ಹೋಗುವುದಕ್ಕೆ ಎರಡು ವಾರ ಕಾಯಿಸಿದರು. ಹೋದ ದಿನ ಮೆನುವಿನಲ್ಲಿ ಗಂಟೆ ಮೀಟರ್ ತೆಗೆದು ನೋಡಿದೆ. ಕ್ಯಾಮೆರಾ ಒಟ್ಟು ಎಷ್ಟು ಗಂಟೆ ಆನ್ ಇತ್ತು, ಟೇಪಿನ ಮೇಲೆ ಬರೆಯುವ, ಓದುವ ಹೆಡ್ಡುಗಳಿರುವ ಹೆಡ್ ಡ್ರಮ್ ಎಷ್ಟು ಗಂಟೆ ತಿರುಗಿದೆ, ಟೇಪು ಎಷ್ಟು ಸಲ ಒಳಗೆ ಸುತ್ತಿಕೊಂಡಿದೆ, ಎಲ್ಲ ಅಲ್ಲಿರುತ್ತದೆ. ಡ್ರಮ್ 412 ಗಂಟೆ ಅಂತ ತೋರಿಸಿತು. ಖುಷಿಯಾಯಿತು. ಆಮೇಲೆ ಅದೇ ಪುಟದಲ್ಲಿ ಕೆಳಗೆ ಕಣ್ಣು ಹಾಯಿಸಿದರೆ ಇನ್ನೊಂದು ಡ್ರಮ್ ಲೆಕ್ಕ ಇದೆ: 1,870. ಮೊದಲನೆಯದು ಸೊನ್ನೆಗೆ ತಿರುಗಿಸಬಹುದಾದ ಮೀಟರ್. ಎರಡನೆಯದು ಹುಟ್ಟಿದಾಗಿನಿಂದ ಓಡುತ್ತಿರುವುದು. ಜಾಹೀರಾತಿನ ಫೋಟೋದಲ್ಲಿ ಮೊದಲನೆಯದು ಮಾತ್ರ ಇತ್ತು. ಬೇಕಂತ ಮಾಡಿದರೋ ತಿಳಿಯದೆ ಮಾಡಿದರೋ, ನೀವು ಮಾತ್ರ ಎರಡನ್ನೂ ಕೇಳಿ.

1,870 ಗಂಟೆ ಅಂದರೆ ಹೆಡ್ಡು, ರಬ್ಬರು, ಬೆಲ್ಟು ಎಲ್ಲವನ್ನೂ ಬಿಚ್ಚಿ ನೋಡಬೇಕಾದ ವಯಸ್ಸು. ಅದನ್ನೇ ಹೇಳಿ ಬೆಲೆ ಸ್ವಲ್ಪ ಇಳಿಸಿದೆ. ಹೊಸ ಟೇಪು ಹಾಕಿ ಹತ್ತು ನಿಮಿಷ ರೆಕಾರ್ಡ್ ಮಾಡಿ, ಹಿಂದಕ್ಕೆ ಸುತ್ತಿ, ಅಲ್ಲೇ ನೋಡಿದೆ. ಚಿತ್ರ ಸ್ವಚ್ಛ, ಧ್ವನಿ ಸ್ವಚ್ಛ. ಕ್ಯಾಮೆರಾ ಚೆನ್ನಾಗಿದೆ ಅಂತ ನಂಬಿ ಹಣ ಕೊಟ್ಟೆ. ಈ ಪರೀಕ್ಷೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗೆ ಅತಿ ಹೆಚ್ಚು ಖರ್ಚು ತಂದದ್ದು ಇದೇ. ಮುಂದೆ ಹೇಳುತ್ತೇನೆ.

ರಸೀದಿಯಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡೆ. ಕ್ಯಾಮೆರಾದ ಮೇಲಿನ ನಂಬರಿಗೂ ರಸೀದಿಗೂ ತಾಳೆ ನೋಡಿದೆ. ಲೆನ್ಸಿನ ನಂಬರ್ ಬೇರೆ ಇರುತ್ತದೆ, ಅದನ್ನೂ ಬರೆಸಿ. ಸ್ಟುಡಿಯೋ ಇದನ್ನು ಮಾರುತ್ತಿದೆ ಅಂತ ಒಂದು ಸಾಲಿನ ಪತ್ರವನ್ನೂ ಕೇಳಿ ತೆಗೆದುಕೊಂಡೆ. ವೃತ್ತಿಯ ಕ್ಯಾಮೆರಾಗಳು ಕಳುವಾಗುವುದು, ಬಾಡಿಗೆಗೆ ಹೋದದ್ದು ವಾಪಸ್ ಬಾರದಿರುವುದು ಹೊಸದಲ್ಲ.

ಮನೆಗೆ ತಂದ ಮೇಲೆ ಮೊದಲ ಪೆಟ್ಟು ಬ್ಯಾಟರಿಯದ್ದು. ಜೊತೆಗೆ ಕೊಟ್ಟಿದ್ದ, ಕ್ಯಾಮೆರಾ ಬೆನ್ನಿಗೆ ಸಿಕ್ಕಿಸುವ ಎರಡು ವಿ-ಮೌಂಟ್ ಬ್ಯಾಟರಿಗಳಲ್ಲಿ ಒಂದು ಚಾರ್ಜೇ ಆಗಲಿಲ್ಲ. ಇನ್ನೊಂದು ಚಾರ್ಜ್ ತುಂಬಿತು ಅಂತ ತೋರಿಸಿ, ಟೇಪು ಓಡಿದ ನಾಲ್ಕೇ ನಿಮಿಷಕ್ಕೆ ಕೈಬಿಟ್ಟಿತು. ಹೊಸ ಎರಡು ಬ್ಯಾಟರಿ, ಒಂದು ಚಾರ್ಜರ್: ಅರವತ್ತು. ಬರಲು ಎರಡೂವರೆ ವಾರ. ಬರೀ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದ ಸರಕಿನಲ್ಲಿ ಕಳಿಸುವುದನ್ನು 2016ರ ಏಪ್ರಿಲ್‌ನಿಂದ ನಿಲ್ಲಿಸಿದ್ದಾರೆ, ಹಾಗಾಗಿ ದೂರದಿಂದ ತರಿಸಿದರೆ ತಡವಾಗುವುದು ಸಹಜ. ಅಲ್ಲಿವರೆಗೆ ಇರಲಿ ಅಂತ ಒಂದು ಪವರ್ ಅಡಾಪ್ಟರ್ ತಂದೆ. ಅದು ಹತ್ತು. ಕ್ಯಾಮೆರಾ ಹಿಂದೆ ಕರೆಂಟ್ ಕೊಡಲು ಇರುವ ನಾಲ್ಕು ಪಿನ್ನಿನ ಎಕ್ಸ್‌ಎಲ್‌ಆರ್‌ಗೆ 12 ವೋಲ್ಟ್ ಕೊಡಬೇಕು. ಒಂದನೇ ಪಿನ್ ನೆಗೆಟಿವ್, ನಾಲ್ಕನೇ ಪಿನ್ ಪಾಸಿಟಿವ್. ಯಾರೋ ಮನೆಯಲ್ಲೇ ಬೆಸುಗೆ ಹಾಕಿದ ಅಡಾಪ್ಟರ್ ಆದರೆ ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ.

ಟ್ರೈಪಾಡ್ ನನ್ನ ಬಳಿ ಇತ್ತು. ಆದರೆ ಭುಜದ ಕ್ಯಾಮೆರಾ ಅದರ ಮೇಲೆ ಸುಮ್ನೆ ಕೂರುವುದಿಲ್ಲ, ನಡುವೆ ಒಂದು ವಿಸಿಟಿ-14 ಪ್ಲೇಟ್ ಬೇಕು. ಹನ್ನೆರಡು. ಲೆನ್ಸಿನ ಮೇಲೆ ಟಾರ್ಚ್ ಹಾಕಿ ನೋಡಿದಾಗ ಒಳಗಿನ ಗಾಜಿನ ಅಂಚಿನಲ್ಲಿ ಬೂಷ್ಟು, ಜೇಡರ ಬಲೆಯ ಹಾಗೆ. ಬಿಚ್ಚಿ ತೊಳೆಸಿದ್ದಕ್ಕೆ ಇಪ್ಪತ್ತು. ಇದನ್ನು ಕೊಳ್ಳುವ ದಿನವೇ ನೋಡಬಹುದಿತ್ತು. ಐರಿಸ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಲೆನ್ಸ್ ಕಳಚಿ, ಹಿಂದಿನಿಂದ ಬೆಳಕು ಹಾಯಿಸಿ ನೋಡಿ. ತೊಳೆಸಿದ ಮೇಲೆ ಬ್ಯಾಕ್ ಫೋಕಸ್ ಮತ್ತೆ ಕೂರಿಸಬೇಕಾಗುತ್ತದೆ. ಇಲ್ಲದಿದ್ದರೆ ಜೂಮ್ ಮಾಡಿ ಫೋಕಸ್ ಹಿಡಿದದ್ದು ವೈಡಿಗೆ ಬಂದಾಗ ಮಸುಕಾಗುತ್ತದೆ.

ಟೇಪು ಈಗ ಹೊಸದಾಗಿ ಸಿಗುವುದು ಎಂದರೆ ಹೆಚ್ಚಾಗಿ ಯಾರದೋ ಗೋದಾಮಿನಲ್ಲಿ ಉಳಿದ, ಸೀಲ್ ಒಡೆಯದ ಹಳೇ ದಾಸ್ತಾನು. 2011ರ ಸುನಾಮಿಯಲ್ಲಿ ಜಪಾನಿನ ತಗಾಜೊದಲ್ಲಿದ್ದ ಸೋನಿ ಕಾರ್ಖಾನೆಗೆ ಹಾನಿಯಾಗಿ, ಟಿವಿ ಚಾನೆಲ್‌ಗಳು ವೃತ್ತಿಯ ಟೇಪಿಗಾಗಿ ಪರದಾಡಿದ್ದು ನಮ್ಮ ಕಸುಬಿನವರಿಗೆ ನೆನಪಿರಬಹುದು. ಆಗಲೇ ಹಲವರು ಟೇಪಿನ ಸಹವಾಸ ಬಿಟ್ಟು ಮೆಮೊರಿ ಕಾರ್ಡಿನ ಕಡೆ ಹೊರಳಿದರು. ಹತ್ತು ಟೇಪು, ಒಂದು ಕ್ಲೀನಿಂಗ್ ಕ್ಯಾಸೆಟ್: ಇಪ್ಪತ್ತೈದು. ಒಂದು ಮಾತು. ಮಿನಿ ಕ್ಯಾಸೆಟ್ ಮೇಲೆ 60 ನಿಮಿಷ ಅಂತ ಬರೆದಿದ್ದರೂ ಡಿವಿಕ್ಯಾಮ್ ವೇಗದಲ್ಲಿ ಅದು 40 ನಿಮಿಷವೇ. ಎಷ್ಟು ಟೇಪು ಬೇಕು ಅಂತ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಏಳನೇ ವಾರದಲ್ಲಿ ಕ್ಯಾಮೆರಾ ಮೊದಲ ಸಲ ಭುಜದ ಮೇಲೆ ಕೂತಿತು. ಆ ತೂಕ, ಕೆನ್ನೆಗೆ ತಾಗುವ ತಣ್ಣನೆ ಲೋಹ, ಕಪ್ಪು ಬಿಳುಪಿನ ಪುಟ್ಟ ವ್ಯೂಫೈಂಡರಿನಲ್ಲಿ ಫೋಕಸ್ ಚಕ್ಕನೆ ಹರಿತವಾಗುವುದು. ಇದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು ಅನಿಸಿತು. ಎರಡು ವಾರ ಬಿಡುವಾದಾಗಲೆಲ್ಲ ಶೂಟ್ ಮಾಡಿ ಆರು ಟೇಪು ತುಂಬಿಸಿದೆ. ಎಲ್ಲವೂ ಕ್ಯಾಮೆರಾದಲ್ಲಿ ಚೆನ್ನಾಗಿ ಓಡಿದವು. ಧೈರ್ಯ ಬಂತು. ಗುರುಗಳ ಟೇಪುಗಳಲ್ಲಿ ಏನೂ ಮುಖ್ಯವಲ್ಲದ, ಅರ್ಧ ಖಾಲಿ ಇದ್ದ ಒಂದನ್ನು ಆರಿಸಿ ಹಾಕಿದೆ.

ಪರದೆ ತುಂಬ ಚೌಕ ಚೌಕ. ಒಂದು ಮುಖದ ಅರ್ಧ ಕಾಣಿಸಿ ಹೆಪ್ಪುಗಟ್ಟಿ ನಿಲ್ಲುತ್ತದೆ, ಅದರ ಮೇಲೆ ಹಿಂದಿನ ದೃಶ್ಯದ ತುಂಡುಗಳು. ಧ್ವನಿ ಕಟ್ ಕಟ್. ಟೇಪೇ ಹಾಳಾಗಿದೆ ಅಂತ ಎದೆ ಧಸಕ್ಕೆಂದಿತು. ಕ್ಲೀನಿಂಗ್ ಕ್ಯಾಸೆಟ್ ಹತ್ತು ಸೆಕೆಂಡ್ ಓಡಿಸಿದೆ. ಅದನ್ನು ಅದಕ್ಕಿಂತ ಜಾಸ್ತಿ ಓಡಿಸಬಾರದು, ಅದು ಹೆಡ್ಡನ್ನೇ ಉಜ್ಜುತ್ತದೆ. ಏನೂ ಬದಲಾಗಲಿಲ್ಲ. ನನ್ನ ಟೇಪು ಹಾಕಿದರೆ ಮತ್ತೆ ಸ್ವಚ್ಛ. ಆ ರಾತ್ರಿ ನಿದ್ದೆ ಬರಲಿಲ್ಲ. ಉಳಿದ 22 ಟೇಪೂ ಹೀಗೇ ಆಗಿದ್ದರೆ ಅನ್ನುವುದೊಂದೇ ಯೋಚನೆ.

ವಿಚಾರಿಸುತ್ತ ಹೋದಾಗ ಟೇಪ್ ಯಂತ್ರಗಳನ್ನು ಇನ್ನೂ ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಪಕ್ಕದ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, ಟೇಪು ಸುತ್ತಿಕೊಳ್ಳುವುದನ್ನು ಸುಮ್ನೆ ನೋಡುತ್ತ ಕೂತರು. ಟೇಪಿಗೆ ದಾರಿ ತೋರುವ 'ಗೈಡ್' ಎಂಬ ಒಂದು ಪುಟ್ಟ ಲೋಹದ ಕಂಬಿಯ ಬಳಿ ಟೇಪಿನ ಕೆಳ ಅಂಚು ಒಂದಿಷ್ಟೇ ಮಡಿಚಿಕೊಂಡು ಮತ್ತೆ ನೇರವಾಗುತ್ತಿತ್ತು. ಅವರು ತೋರಿಸುವ ತನಕ ನನಗೆ ಕಾಣಲಿಲ್ಲ.

"ನೋಡಿ, ಗೈಡ್ ಇಳಿದಿದೆ. ಯಾವತ್ತೋ ಬಿದ್ದಿರಬೇಕು, ಇಲ್ಲ ಯಾರೋ ತಿರುಪು ಮುಟ್ಟಿದಾರೆ. ತಾನು ಬರೆದಿದ್ದನ್ನ ತಾನೇ ಓದ್ಕೊಳ್ಳುತ್ತೆ. ಬೇರೆಯವರು ಬರೆದಿದ್ದು ಓದಕ್ಕೆ ಬರಲ್ಲ."

"ಅಂದ್ರೆ ನನ್ನ ಹಳೇ ಟೇಪು ಹಾಳಾಗಿಲ್ವಾ ಸಾರ್?"

"ಟೇಪು ಚೆನ್ನಾಗೇ ಇದೆ. ಇದರಲ್ಲಿ ನೀವೇನಾದ್ರೂ ರೆಕಾರ್ಡ್ ಮಾಡಿದೀರಾ?"

"ಆರು ಟೇಪು ಮಾಡಿದೀನಿ."

"ಹಾಗಾದ್ರೆ ಇವತ್ತು ನಾನು ಮುಟ್ಟಲ್ಲ. ಮೊದಲು ಅವನ್ನ ಕಂಪ್ಯೂಟರಿಗೆ ಇಳಿಸ್ಕೊಂಡು ಬನ್ನಿ. ಗೈಡ್ ಸರಿ ಮಾಡಿದ್ಮೇಲೆ ಆ ಟೇಪು ಇದರಲ್ಲೂ ಓಡಲ್ಲ, ಬೇರೆದರಲ್ಲೂ ಓಡಲ್ಲ."

ಡಿವಿಕ್ಯಾಮಿನಲ್ಲಿ ಒಂದೊಂದು ಟ್ರ್ಯಾಕಿನ ಅಗಲ 15 ಮೈಕ್ರಾನ್. ತಲೆಗೂದಲಿನ ದಪ್ಪದ ನಾಲ್ಕನೇ ಒಂದು ಭಾಗವೂ ಇಲ್ಲ. ಡ್ರಮ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತ ಆ ಗೆರೆಗಳ ಮೇಲೇ ನಡೆಯಬೇಕು. ಟೇಪು ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಗೆರೆ ತಪ್ಪುತ್ತದೆ. ನನ್ನ ಕ್ಯಾಮೆರಾ ಎಲ್ಲವನ್ನೂ ಒಂದೇ ರೀತಿ ಸೊಟ್ಟಗೆ ಬರೆದು, ಸೊಟ್ಟಗೇ ಓದಿಕೊಳ್ಳುತ್ತಿತ್ತು. ಹಾಗಾಗಿ ಕೊಳ್ಳುವ ದಿನ ನೀವು ಮಾಡಬೇಕಾದ ಪರೀಕ್ಷೆ ಇದು: ಬೇರೆ ಒಳ್ಳೆಯ ಯಂತ್ರದಲ್ಲಿ ರೆಕಾರ್ಡ್ ಆದ ಒಂದು ಟೇಪು ಒಯ್ದು ಈ ಕ್ಯಾಮೆರಾದಲ್ಲಿ ಹಾಕಿ. ಈ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿದ್ದನ್ನು ಬೇರೆ ಯಂತ್ರದಲ್ಲಿ ಹಾಕಿ ನೋಡಿ. ಒಯ್ಯುವ ಟೇಪು ಹೋದರೂ ಪರವಾಗಿಲ್ಲ ಅನ್ನುವಂಥದ್ದಾಗಿರಲಿ, ಗೊತ್ತಿಲ್ಲದ ಯಂತ್ರ ಟೇಪನ್ನು ಅಗಿದುಬಿಡಬಹುದು.

ಆರು ಟೇಪು ಇಳಿಸಿಕೊಂಡು ಬನ್ನಿ ಅಂದದ್ದು ಕೇಳಲು ಸುಲಭ. ಅಲ್ಲಿಂದ ಮೂರು ವಾರ ಹೋಯಿತು. ಕ್ಯಾಮೆರಾದಲ್ಲಿ ಆರು ಪಿನ್ನಿನ ಫೈರ್‌ವೈರ್ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಮಾತ್ರ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ತಂತಿ ತರಿಸಿದೆ. ಮೂರು. ಕೆಲಸ ಮಾಡಲಿಲ್ಲ, ಮಾಡುವುದೂ ಇಲ್ಲ. ಎರಡೂ ಬೇರೆ ಬೇರೆ ಭಾಷೆ, ಬರೀ ತಂತಿ ಅನುವಾದ ಮಾಡಲಾರದು. ಆಮೇಲೆ ಗೆಳೆಯರೊಬ್ಬರ ಮ್ಯಾಕ್‌ಗೆಂದು ಥಂಡರ್‌ಬೋಲ್ಟ್ 3ರಿಂದ 2ಕ್ಕೆ, ಅಲ್ಲಿಂದ ಫೈರ್‌ವೈರ್ 800ಕ್ಕೆ, ಅಲ್ಲಿಂದ ಆರು ಪಿನ್ನಿಗೆ ಅಂತ ಸರಪಳಿ ಕಟ್ಟಿದೆ. ಹದಿನೆಂಟು. ಅವರು ಅಷ್ಟರಲ್ಲಿ ಮ್ಯಾಕ್‌ಓಎಸ್ 26ಕ್ಕೆ ಹೋಗಿದ್ದರು. ಅದರಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಕೊನೆಗೆ ಒಂದು ಹಳೇ ಡೆಸ್ಕ್‌ಟಾಪ್ ಕೊಂಡು, ಅದರೊಳಗೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಕೂರಿಸಿ, ವಿಂಡೋಸ್‌ನಲ್ಲಿ ಹಳೇ ಡ್ರೈವರ್ ಹಾಕಿದೆ. ಮೂವತ್ತು. ನೀವು ಮೊದಲೇ ಇದನ್ನು ಮಾಡಿ. ಮಿಕ್ಕ ಎರಡು ಪ್ರಯತ್ನದ ಹಣ, ಅದಕ್ಕಿಂತ ಹೆಚ್ಚಾಗಿ ಎರಡು ವಾರ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಆರು ಪಿನ್ನಿನ ಫೈರ್‌ವೈರಿನಲ್ಲಿ ಕರೆಂಟೂ ಹರಿಯುತ್ತದೆ. ಪ್ಲಗ್ಗಿನ ಒಂದು ತುದಿ ಚೂಪು. ಹಳೆಯ ಸಾಕೆಟ್ ಸಡಿಲವಾಗಿದ್ದರೆ ತಿರುಗುಮುರುಗಾಗಿಯೂ ತೂರಿಬಿಡುತ್ತದೆ. ಹಾಗಾದರೆ ಕ್ಯಾಮೆರಾದ ಫೈರ್‌ವೈರ್ ಚಿಪ್ ಸುಟ್ಟೇ ಹೋಗಬಹುದು. ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಆಫ್ ಮಾಡಿ, ಬೆಳಕಿನಲ್ಲಿ ನೋಡಿಕೊಂಡು ತಂತಿ ಹಾಕಿ, ಆಮೇಲೆ ಆನ್ ಮಾಡಿ.

ಇಳಿಸುವುದು ನಿಜ ಸಮಯದ ಕೆಲಸ. 40 ನಿಮಿಷದ ಟೇಪಿಗೆ 40 ನಿಮಿಷ ಕೂರಲೇಬೇಕು. ಗಂಟೆಗೆ ಸುಮಾರು 13 ಜಿಬಿ. ಡಿವಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶವೊಂದಿದೆ, ಯಾವ ಫ್ರೇಮಿನಲ್ಲಿ ಎಷ್ಟು ದೋಷ ಇದೆ ಅಂತ ತೋರಿಸುತ್ತದೆ. ಕಣ್ಣಿಗೆ ಕಾಣದ ದೋಷವೂ ಅಲ್ಲಿ ಕಾಣುತ್ತದೆ. ಆಗಿನ ಯಂತ್ರಗಳು ಓದಲಾಗದ ಚೌಕದ ಜಾಗದಲ್ಲಿ ಹಿಂದಿನ ಫ್ರೇಮಿನ ಚೌಕ ಇಟ್ಟು ಮುಚ್ಚಿಬಿಡುತ್ತಿದ್ದವು.

ಕ್ಯಾಮೆರಾ ಮತ್ತೆ ಮೆಕ್ಯಾನಿಕ್ ಬಳಿ ಹೋಯಿತು. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿನ ರಬ್ಬರ್ ಗಾಜಿನಂತೆ ಗಟ್ಟಿಯಾಗಿತ್ತು, ಗ್ರೀಸ್ ಮೇಣವಾಗಿತ್ತು. ಹೊಸ ರೋಲರ್ ಎಲ್ಲೂ ಇಲ್ಲ. ಕೆಟ್ಟುಹೋದ ಇನ್ನೊಂದು ಕ್ಯಾಮೆರಾದಿಂದ ಕಳಚಿ ಹಾಕಲು ಅಂಥದ್ದೊಂದು ಸಿಗುವ ತನಕ ನಾಲ್ಕು ವಾರ ಕಾದೆವು. ಆಮೇಲೆ ಅಳತೆಯ ಅಲೈನ್‌ಮೆಂಟ್ ಟೇಪು ಹಾಕಿ, ಆಸಿಲೋಸ್ಕೋಪ್ ನೋಡುತ್ತ, ಗೈಡನ್ನು ಕೂದಲೆಳೆಯಷ್ಟು ತಿರುಗಿಸುತ್ತ ಒಂದಿಡೀ ಮಧ್ಯಾಹ್ನ ಕೂತರು. ಬಿಡಿಭಾಗ ಮತ್ತು ಕೂಲಿ ಎಂಬತ್ತೈದು, ಸಾಗಿಸಿದ ಖರ್ಚು ಹನ್ನೆರಡು. ಅವರ ಕೂಲಿ ನನಗೆ ಒಂದಿಷ್ಟೂ ಜಾಸ್ತಿ ಅನಿಸಲಿಲ್ಲ. ಆ ಕೆಲಸ ಬಲ್ಲವರು, ಆ ಅಳತೆಯ ಟೇಪು ಇನ್ನೂ ಇಟ್ಟುಕೊಂಡವರು ಎಷ್ಟು ಜನ ಉಳಿದಿದ್ದಾರೆ? ಕ್ಯಾಮೆರಾ ಕೊಳ್ಳುವ ಮುಂಚೆ ಅಂಥವರೊಬ್ಬರನ್ನು ಹುಡುಕಿ ಮಾತಾಡಿ. ಯಾರೂ ಸಿಗಲಿಲ್ಲ ಅಂದರೆ, ಟೇಪಿನ ಆಸೆ ಬಿಟ್ಟು, ಕ್ಯಾಮೆರಾದ ವಿಡಿಯೋ ಔಟ್ಪುಟ್ಟಿಗೆ ಹೊರಗಿನ ರೆಕಾರ್ಡರ್ ಸಿಕ್ಕಿಸಿ ಶೂಟ್ ಮಾಡುವುದು ವಾಸಿ. ಸಿಸಿಡಿಯ ಬಣ್ಣ, ಲೆನ್ಸಿನ ಸೊಗಸು ಎರಡೂ ಸಿಗುತ್ತವೆ.

ಕೂಡಿದರೆ ನೂರರ ಮೇಲೆ ಇನ್ನೂ 275. ಅಜ್ಜಿ ಇದ್ದಿದ್ದರೆ ಮೂಗಿಗಿಂತ ಮೂಗುತಿ ಭಾರ ಅನ್ನುತ್ತಿದ್ದರು. ನನ್ನ ಬಳಿ ಆ 23 ಟೇಪು ಇಲ್ಲದಿದ್ದರೆ ನಾನು ಇದಕ್ಕೆ ಇಳಿಯುತ್ತಿರಲಿಲ್ಲ. ಹಳೇ ನೋಟದ ಚಿತ್ರ ಮಾತ್ರ ಬೇಕು ಅನ್ನುವವರಿಗೆ ಸೋನಿ ಪಿಡಿ170, ಪ್ಯಾನಾಸಾನಿಕ್ ಡಿವಿಎಕ್ಸ್100ನಂಥ ಕೈಯಲ್ಲಿ ಹಿಡಿಯುವ ಕ್ಯಾಮೆರಾ ಸಾಕು. ಬ್ಯಾಟರಿ ಚಿಕ್ಕದು, ಪ್ಲೇಟ್ ಬೇಡ, ಲೆನ್ಸ್ ಜೊತೆಗೇ ಇರುತ್ತದೆ. ಹೆಡ್ಡು, ಗೈಡು, ಫೈರ್‌ವೈರಿನ ಪರೀಕ್ಷೆ ಮಾತ್ರ ಅವಕ್ಕೂ ಅದೇ.

ಮೊನ್ನೆ ಭಾನುವಾರ ರಾತ್ರಿ ಒಂಬತ್ತನೇ ನಂಬರಿನ ಟೇಪು ಹಾಕಿದೆ. ಚೀಟಿಯ ಮೇಲೆ ನನ್ನದೇ ಹಳೇ ಅಕ್ಷರ. ಮೊದಲು ಬಣ್ಣದ ಪಟ್ಟಿಗಳು, ಅರ್ಧ ನಿಮಿಷ. ಒಂದು ಚೌಕವೂ ಒಡೆಯಲಿಲ್ಲ. ಆಮೇಲೆ ಯಾವುದೋ ಗೋಡೆ, ಅಲುಗಾಡುವ ಫ್ರೇಮು, ಕ್ಯಾಮೆರಾ ಹಿಂದಿನಿಂದ ಗುರುಗಳ ದನಿ: "ಬಿಳಿ ಹಾಳೆ ಇನ್ನೂ ಸ್ವಲ್ಪ ಎತ್ತಿ ಹಿಡಿಯಪ್ಪ, ವೈಟ್ ತಗೋತೀನಿ." ಎಡಗಡೆಯಿಂದ ಹಾಳೆ ಹಿಡಿದ ಒಂದು ಕೈ ಫ್ರೇಮಿನೊಳಗೆ ಬಂತು. ಬೆರಳಿಗೆ ಕೇಬಲ್ ಸುತ್ತಿ ಆದ ಗಾಯಕ್ಕೆ ಪಟ್ಟಿ ಕಟ್ಟಿತ್ತು. ಅದು ನನ್ನ ಕೈ.

ಇನ್ನು 22 ಟೇಪು ಇಳಿಸಬೇಕು.